ಶಾಖಕ್ಕೆ ತಡೆ, ವಿದ್ಯುತ್ತಿಗೆ ದಾರಿ: ಉಷ್ಣವಿದ್ಯುತ್ ವಸ್ತುಗಳಲ್ಲಿ ನ್ಯಾನೋ ರಚನೆ ಮಾಡಿದ್ದೇನು, ಮಾಡಲಾಗದ್ದೇನು

ಮಂಗಳನ ಮೇಲೆ 2012ರಿಂದ ಓಡಾಡುತ್ತಿರುವ ಕ್ಯೂರಿಯಾಸಿಟಿ ರೋವರ್‌ಗೆ ಸೌರಫಲಕಗಳಿಲ್ಲ. ಅದರ ಹಿಂಬದಿಯಲ್ಲಿ ಕೂರಿಸಿರುವ ಜನರೇಟರಿನೊಳಗೆ ಸುಮಾರು 4.8 ಕಿಲೋ ಪ್ಲುಟೋನಿಯಂ ಡೈಆಕ್ಸೈಡ್ ಇದೆ. ವಿಕಿರಣ ಸೂಸುತ್ತ ಅದು ಸದಾ ಬಿಸಿಯಾಗಿರುತ್ತದೆ. ಕೆಲಸ ಶುರುವಾದಾಗ ಅದರಿಂದ ಸಿಗುತ್ತಿದ್ದ ಶಾಖ ಸುಮಾರು 2000 ವ್ಯಾಟ್, ಆ ಶಾಖದಿಂದ ಹುಟ್ಟುತ್ತಿದ್ದ ವಿದ್ಯುತ್ ಸುಮಾರು 110 ವ್ಯಾಟ್. ನೂರಕ್ಕೆ ಆರು ಪಾಲೂ ಇಲ್ಲ. ಉಳಿದ ಶಾಖದಲ್ಲಿ ಒಂದಷ್ಟನ್ನು ರೋವರಿನ ಯಂತ್ರಭಾಗಗಳನ್ನು ಬೆಚ್ಚಗಿಡಲು ಬಳಸಿಕೊಳ್ಳುತ್ತಾರೆ, ಮಿಕ್ಕಿದ್ದು ಜನರೇಟರಿನ ಲೋಹದ ರೆಕ್ಕೆಗಳ ಮೂಲಕ ಹೊರಗೆ ಹೋಗುತ್ತದೆ. ಇಷ್ಟು ದುಬಾರಿ ಇಂಧನ, ಇಷ್ಟು ಎಚ್ಚರದ ಎಂಜಿನಿಯರಿಂಗ್, ಆದರೂ ಕೈಗೆ ಸಿಗುವುದು ಇಷ್ಟೇ ಏಕೆ ಎಂಬ ಪ್ರಶ್ನೆಗೆ ಉತ್ತರ ಆ ಜನರೇಟರಿನೊಳಗಿನ ಬೆರಳುಗಾತ್ರಕ್ಕಿಂತ ಚಿಕ್ಕದಾದ ಅರೆವಾಹಕ ತುಂಡುಗಳಲ್ಲಿದೆ. ಅವು ವಿದ್ಯುತ್ತನ್ನು ಕೊಡುವುದರ ಜೊತೆಗೆ ಶಾಖವನ್ನೂ ಸಲೀಸಾಗಿ ದಾಟಿಸಿಬಿಡುತ್ತವೆ.

ತತ್ವ ಹಳೆಯದು. ಎರಡು ಬೇರೆ ಲೋಹಗಳನ್ನು ಬಳೆಯಂತೆ ಜೋಡಿಸಿ ಒಂದು ಸಂಧಿಯನ್ನು ಕಾಯಿಸಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ವಾಲುತ್ತದೆ ಎಂಬುದನ್ನು ಥಾಮಸ್ ಸೀಬೆಕ್ 1821ರಲ್ಲೇ ಕಂಡಿದ್ದರು. ವಸ್ತುವಿನ ಒಂದು ತುದಿ ಬಿಸಿಯಾದಾಗ ಅಲ್ಲಿನ ಎಲೆಕ್ಟ್ರಾನ್‌ಗಳು ತಣ್ಣನೆಯ ತುದಿಯತ್ತ ಹರಡಿಕೊಳ್ಳುತ್ತವೆ, ಎರಡು ತುದಿಗಳ ನಡುವೆ ವೋಲ್ಟೇಜ್ ಏಳುತ್ತದೆ. ತಿರುಗುವ ಚಕ್ರವಿಲ್ಲ, ಉಗಿಯಿಲ್ಲ, ಸವೆಯುವ ಭಾಗವಿಲ್ಲ. ನಾವು ಉರಿಸುವ ಇಂಧನದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಶಾಖವಾಗಿ ಗಾಳಿಗೆ ಹೋಗುತ್ತಿರುವ ಈ ಕಾಲದಲ್ಲಿ ಇಂಥ ಸಾಧನಕ್ಕೆ ಬೆಲೆ ಕಟ್ಟಲಾಗದು. ಆದರೆ ಆ ವೋಲ್ಟೇಜ್ ಉಳಿಯಬೇಕಾದರೆ ಎರಡು ತುದಿಗಳ ನಡುವಿನ ಉಷ್ಣತೆಯ ಅಂತರ ಉಳಿಯಬೇಕು. ಶಾಖ ಸಲೀಸಾಗಿ ಹರಿದುಹೋಗುವ ವಸ್ತುವಿನಲ್ಲಿ ಅದು ಉಳಿಯುವುದಿಲ್ಲ. ಉಳಿಸಲು ಹೋದರೆ ಇನ್ನಷ್ಟು ಶಾಖವನ್ನು ಸುರಿಯಬೇಕು.

ಒಂದು ವಸ್ತು ಈ ಕೆಲಸಕ್ಕೆ ಎಷ್ಟು ಒಗ್ಗುತ್ತದೆ ಎಂದು ಅಳೆಯಲು ಈ ಕ್ಷೇತ್ರದವರು ಝಡ್‌ಟಿ ಎಂಬ ಅಂಕಿಯನ್ನು ಬಳಸುತ್ತಾರೆ. ಪ್ರತಿ ಡಿಗ್ರಿಗೆ ಏಳುವ ವೋಲ್ಟೇಜಿನ ವರ್ಗವನ್ನು ವಿದ್ಯುದ್ವಾಹಕತೆಯಿಂದಲೂ ಉಷ್ಣತೆಯಿಂದಲೂ ಗುಣಿಸಿ, ಉಷ್ಣವಾಹಕತೆಯಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ಬಿಸಿ ತುದಿ 300 ಡಿಗ್ರಿ ಸೆಲ್ಸಿಯಸ್, ತಣ್ಣನೆಯ ತುದಿ 27 ಡಿಗ್ರಿ ಎಂದಿಟ್ಟುಕೊಳ್ಳಿ. ಝಡ್‌ಟಿ 1 ಇದ್ದರೆ ಶೇ 10ರಷ್ಟು ಶಾಖ ವಿದ್ಯುತ್ತಾಗುತ್ತದೆ, 2 ಇದ್ದರೆ ಸುಮಾರು ಶೇ 15. ಯಾವ ಯಂತ್ರವೂ ದಾಟಲಾಗದ ಕಾರ್ನೋ ಮಿತಿ ಇಲ್ಲಿ ಶೇ 48ರ ಹತ್ತಿರ. 1950ರ ದಶಕದಲ್ಲಿ ಬಿಸ್ಮತ್ ಟೆಲ್ಯುರೈಡ್ ಬಂದ ಮೇಲೆ ಸುಮಾರು ನಾಲ್ಕು ದಶಕ ಈ ಅಂಕಿ 1ರ ಸುತ್ತಮುತ್ತಲೇ ನಿಂತಿತ್ತು.

ಹಾಗೆ ನಿಲ್ಲಲು ಕಾರಣವಿದೆ. ಸೂತ್ರದೊಳಗಿನ ಮೂರು ಗುಣಗಳೂ ಒಂದಕ್ಕೊಂದು ಗಂಟುಬಿದ್ದಿವೆ. ಎಲೆಕ್ಟ್ರಾನ್‌ಗಳನ್ನು ಹೆಚ್ಚಿಸಿದರೆ ವಿದ್ಯುದ್ವಾಹಕತೆ ಏರುತ್ತದೆ, ಆದರೆ ಪ್ರತಿ ಡಿಗ್ರಿಗೆ ಸಿಗುವ ವೋಲ್ಟೇಜ್ ಇಳಿಯುತ್ತದೆ. ಜೊತೆಗೆ ಆ ಎಲೆಕ್ಟ್ರಾನ್‌ಗಳೇ ಶಾಖವನ್ನೂ ಹೊತ್ತೊಯ್ಯುತ್ತವೆ. ತಾಮ್ರದಂಥ ಲೋಹ ಈ ಕೆಲಸಕ್ಕೆ ಬಾರದಿರುವುದು ಅದಕ್ಕೇ: ಅದರ ಉಷ್ಣವಾಹಕತೆ ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ 400 ವ್ಯಾಟ್‌ನಷ್ಟು. (ಮುಂದೆ ಬರುವ ಉಷ್ಣವಾಹಕತೆಯ ಅಂಕಿಗಳೆಲ್ಲ ಇದೇ ಮಾನದಲ್ಲಿವೆ.) ಅರೆವಾಹಕಗಳಲ್ಲಿ ಮಾತ್ರ ಒಂದು ಬಿಡುವು ಸಿಗುತ್ತದೆ. ಅಲ್ಲಿ ಶಾಖದ ಹೆಚ್ಚಿನ ಪಾಲನ್ನು ಹೊರುವುದು ಎಲೆಕ್ಟ್ರಾನ್‌ಗಳಲ್ಲ, ಪರಮಾಣುಗಳ ಜಾಲದಲ್ಲಿ ಸಾಗುವ ಕಂಪನಗಳು. ಈ ಕಂಪನಗಳ ಪೊಟ್ಟಣಗಳಿಗೆ ಫೋನಾನ್ ಎಂದು ಹೆಸರು. ಮಿಕ್ಕ ಗುಣಗಳನ್ನು ಅಷ್ಟಾಗಿ ಕೆಡಿಸದೆ ನಾವು ಕೈಯಾಡಿಸಬಹುದಾದದ್ದು ಈ ಜಾಲಕ ಉಷ್ಣವಾಹಕತೆ ಒಂದೇ. ನ್ಯಾನೋ ರಚನೆಯ ಕಥೆಯೆಲ್ಲ ಹುಟ್ಟುವುದು ಇಲ್ಲಿಂದ.

ಇದರ ಜೀವಾಳ ದೂರಗಳ ಲೆಕ್ಕದಲ್ಲಿದೆ. ಎಲೆಕ್ಟ್ರಾನ್ ಆಗಲಿ ಫೋನಾನ್ ಆಗಲಿ, ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಯವರೆಗೆ ಸರಾಸರಿ ಎಷ್ಟು ದೂರ ಸಾಗುತ್ತದೆ ಎಂಬುದಕ್ಕೆ ಸರಾಸರಿ ಮುಕ್ತ ಪಥ ಎನ್ನುತ್ತಾರೆ. ಬೆರಕೆಯನ್ನು ಚೆನ್ನಾಗಿ ತುಂಬಿದ ಅರೆವಾಹಕದಲ್ಲಿ ಎಲೆಕ್ಟ್ರಾನಿನ ಈ ದೂರ ಕೆಲವೇ ನ್ಯಾನೋಮೀಟರ್, ಹೆಚ್ಚೆಂದರೆ ಹತ್ತಾರು. ಫೋನಾನ್‌ಗಳ ವಿಷಯ ಹಾಗಲ್ಲ. ಅವುಗಳಲ್ಲಿ ಬಗೆಬಗೆಯ ತರಂಗಾಂತರಗಳಿವೆ. ಕೆಲವು ಒಂದು ನ್ಯಾನೋಮೀಟರ್ ಸಾಗುವಷ್ಟರಲ್ಲಿ ಚದುರುತ್ತವೆ, ಕೆಲವು ಮೈಕ್ರೋಮೀಟರುಗಟ್ಟಲೆ ನೇರ ಸಾಗುತ್ತವೆ. ಕೋಣೆಯ ಉಷ್ಣತೆಯಲ್ಲಿ ಸಿಲಿಕಾನ್ ಹರಳಿನ ಶಾಖದ ಸುಮಾರು ಅರ್ಧ ಪಾಲನ್ನು ಹೊರುವುದು ಒಂದು ಮೈಕ್ರೋಮೀಟರಿಗಿಂತ ಹೆಚ್ಚು ದೂರ ಸಾಗುವ ಫೋನಾನ್‌ಗಳು. ಹಾಗಾದರೆ ಐವತ್ತು ಅಥವಾ ನೂರು ನ್ಯಾನೋಮೀಟರಿಗೊಂದು ಗಡಿ ಹಾಕಿದರೆ ಏನಾಗುತ್ತದೆ? ಎಲೆಕ್ಟ್ರಾನ್ ಆ ಗಡಿ ತಲುಪುವ ಮೊದಲೇ ಹಲವು ಸಲ ಡಿಕ್ಕಿ ಹೊಡೆದಿರುತ್ತದೆ, ಅದಕ್ಕೆ ಇನ್ನೊಂದು ಗಡಿ ಅಷ್ಟು ದೊಡ್ಡ ಪೆಟ್ಟಲ್ಲ. ದೂರ ಸಾಗಬೇಕಿದ್ದ ಫೋನಾನಿಗೆ ಮಾತ್ರ ದಾರಿಯೇ ತುಂಡಾಗುತ್ತದೆ.

ಇದಕ್ಕೂ ಮುಂಚಿನ ಉಪಾಯ ಮಿಶ್ರಲೋಹದಂತೆ ಬೆರೆಸುವುದು. ಸೋವಿಯತ್ ವಿಜ್ಞಾನಿ ಅಬ್ರಾಂ ಇಯೊಫೆ ಮತ್ತು ಅವರ ಗುಂಪು 1950ರ ದಶಕದಲ್ಲೇ ಇದನ್ನು ತೋರಿಸಿತ್ತು. ಜಾಲಕದಲ್ಲಿ ಕೆಲವು ಪರಮಾಣುಗಳ ಜಾಗಕ್ಕೆ ಬೇರೆ ತೂಕದ, ಬೇರೆ ಗಾತ್ರದ ಪರಮಾಣುಗಳನ್ನು ಕೂರಿಸಿದರೆ ಫೋನಾನ್‌ಗಳು ಚದುರುತ್ತವೆ. ಶುದ್ಧ ಸಿಲಿಕಾನಿನ ಉಷ್ಣವಾಹಕತೆ 150ರಷ್ಟಿದ್ದರೆ, ಜರ್ಮೇನಿಯಂ ಬೆರೆಸಿದ ಸಿಲಿಕಾನಿನಲ್ಲಿ ಅದು 10ಕ್ಕಿಂತ ಕೆಳಗಿಳಿಯುತ್ತದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಜನರೇಟರುಗಳಲ್ಲಿರುವುದು ಇದೇ ಸಿಲಿಕಾನ್-ಜರ್ಮೇನಿಯಂ. ಆದರೆ ಒಂಟಿ ಪರಮಾಣು ತೀರಾ ಚಿಕ್ಕ ಅಡ್ಡಿ. ಅದು ಕಂಪನವನ್ನು ಚದುರಿಸುವ ಶಕ್ತಿ ಕಂಪನಾಂಕದ ನಾಲ್ಕನೇ ಘಾತದಂತೆ ಬದಲಾಗುತ್ತದೆ. ಕಂಪನಾಂಕ ಅರ್ಧವಾದರೆ ಚದುರಿಕೆ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಉದ್ದ ತರಂಗದ ಫೋನಾನ್‌ಗಳು ಆ ಅಡ್ಡಿಯನ್ನು ಗಮನಿಸದೆಯೇ ದಾಟಿಹೋಗುತ್ತವೆ.

1993ರಲ್ಲಿ ಎಂಐಟಿಯ ಮಿಲ್ಡ್ರೆಡ್ ಡ್ರೆಸೆಲ್‌ಹೌಸ್ ಮತ್ತು ಲಿಂಡನ್ ಹಿಕ್ಸ್ ಪ್ರಕಟಿಸಿದ ಲೆಕ್ಕಾಚಾರ ಈ ಕ್ಷೇತ್ರವನ್ನು ಎಬ್ಬಿಸಿತು. ವಸ್ತುವನ್ನು ಕೆಲವೇ ನ್ಯಾನೋಮೀಟರ್ ದಪ್ಪದ ಪದರಗಳನ್ನಾಗಿ ಮಾಡಿದರೆ ಎಲೆಕ್ಟ್ರಾನ್‌ಗಳ ಶಕ್ತಿಮಟ್ಟಗಳು ಬದಲಾಗಿ ವೋಲ್ಟೇಜ್ ಹೆಚ್ಚುತ್ತದೆ ಎಂಬುದು ಅವರ ವಾದದ ತಿರುಳು. ಪ್ರಯೋಗಕ್ಕೆ ಇಳಿದಾಗ ನ್ಯಾನೋ ರಚನೆಯಿಂದ ಬಂದ ಲಾಭದ ದೊಡ್ಡ ಪಾಲು ಎಲೆಕ್ಟ್ರಾನ್ ಕಡೆಯಿಂದ ಬರಲಿಲ್ಲ, ಶಾಖದ ಕಡೆಯಿಂದ ಬಂತು. 2001ರಲ್ಲಿ ಅಮೆರಿಕದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ರಾಮ ವೆಂಕಟಸುಬ್ರಮಣಿಯನ್ ಅವರ ಗುಂಪು, ಬಿಸ್ಮತ್ ಟೆಲ್ಯುರೈಡ್ ಮತ್ತು ಆಂಟಿಮನಿ ಟೆಲ್ಯುರೈಡ್‌ಗಳ ತೆಳುಪದರಗಳನ್ನು ಒಂದರ ಮೇಲೊಂದು ಪೇರಿಸಿ, ಕೋಣೆಯ ಉಷ್ಣತೆಯಲ್ಲೇ 2.4ರ ಝಡ್‌ಟಿ ವರದಿ ಮಾಡಿತು. ಮರುವರ್ಷ ಲೆಡ್ ಟೆಲ್ಯುರೈಡ್ ವರ್ಗದ ಕ್ವಾಂಟಂ ಚುಕ್ಕೆಗಳ (ನ್ಯಾನೋಮೀಟರ್ ಲೆಕ್ಕದ ಪುಟಾಣಿ ಹರಳುಗಳ) ಪದರಗಳಿಂದ ಇನ್ನೊಂದು ದೊಡ್ಡ ಅಂಕಿ ಬಂತು.

ಆ ಎರಡನೆಯದರ ಮುಂದಿನ ಕಥೆಯನ್ನು ಹೇಳಲೇಬೇಕು. ಪದರಗಳು ಅಷ್ಟು ತೆಳುವಾಗಿದ್ದಾಗ ಉಷ್ಣವಾಹಕತೆಯನ್ನು ನೇರವಾಗಿ ಅಳೆಯುವುದು ಬಹಳ ಕಷ್ಟ. ಮೊದಲು ಅದನ್ನು ಬೇರೆ ಅಳತೆಗಳಿಂದ ಊಹಿಸಿ ಲೆಕ್ಕ ಹಾಕಿದ್ದರು. ಮುಂದೆ ಲೇಸರ್ ಮಿಡಿತಗಳಿಂದ ಪದರದ ಮೇಲ್ಮೈಯನ್ನು ಕ್ಷಣಮಾತ್ರ ಕಾಯಿಸಿ, ಅದು ತಣಿಯುವ ವೇಗವನ್ನು ನೋಡಿ ಅಳೆದಾಗ ಉಷ್ಣವಾಹಕತೆ ಮೊದಲು ಹೇಳಿದ್ದಕ್ಕಿಂತ ಹೆಚ್ಚೇ ಇತ್ತು, ದೊಡ್ಡ ಅಂಕಿ ಉಳಿಯಲಿಲ್ಲ. ಇದರಲ್ಲಿ ಯಾರ ಅಪ್ರಾಮಾಣಿಕತೆಯೂ ಇಲ್ಲ. ಝಡ್‌ಟಿ ಎಂಬುದು ಮೂರು ಪ್ರತ್ಯೇಕ ಅಳತೆಗಳಿಂದ ಕಟ್ಟಿದ ಅಂಕಿ, ಒಂದೊಂದರ ಸಣ್ಣ ತಪ್ಪೂ ಅದರಲ್ಲಿ ಸೇರಿಕೊಳ್ಳುತ್ತದೆ. ವೋಲ್ಟೇಜಿನ ತಪ್ಪಂತೂ ವರ್ಗವಾಗಿ ಬೆಳೆಯುತ್ತದೆ. ಈ ಕ್ಷೇತ್ರದ ಯಾವುದೇ ದಾಖಲೆಯ ಸುದ್ದಿ ಓದುವಾಗ ಇದು ನೆನಪಿರಬೇಕು.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 2008. ಆ ವರ್ಷ ಸಿಲಿಕಾನ್ ತಂತಿಗಳ ಎರಡು ಫಲಿತಾಂಶಗಳು ಒಟ್ಟಿಗೇ ಬಂದವು, ಒಂದು ಬರ್ಕ್ಲಿಯಿಂದ, ಇನ್ನೊಂದು ಕ್ಯಾಲ್ಟೆಕ್‌ನಿಂದ. ಬರ್ಕ್ಲಿಯವರ ತಂತಿಯ ದಪ್ಪ ಸುಮಾರು 50 ನ್ಯಾನೋಮೀಟರ್. ಅದನ್ನು ಆಮ್ಲದಲ್ಲಿ ಕೊರೆದು ಮಾಡಿದ್ದರಿಂದ ಮೇಲ್ಮೈ ಒರಟಾಗಿತ್ತು. ಅದರ ಉಷ್ಣವಾಹಕತೆ 1.6ಕ್ಕೆ ಇಳಿದಿತ್ತು, ಗಟ್ಟಿ ಸಿಲಿಕಾನಿಗಿಂತ ಸುಮಾರು ನೂರು ಪಟ್ಟು ಕಡಿಮೆ. ಅದೇ ದಪ್ಪದ ನಯವಾದ ತಂತಿಯಲ್ಲಿ ಅದು 25ರ ಆಸುಪಾಸು. ಅಂದರೆ ತೆಳುವಾಗಿರುವುದಷ್ಟೇ ಸಾಲದು, ಮೈ ಒರಟಾಗಿಯೂ ಇರಬೇಕು. ನಯವಾದ ಗೋಡೆಗೆ ಬಡಿದ ಫೋನಾನ್ ಕನ್ನಡಿಗೆ ಬಿದ್ದ ಬೆಳಕಿನಂತೆ ಮುಂದಕ್ಕೇ ಪುಟಿಯಬಹುದು, ಒರಟು ಗೋಡೆ ಅದನ್ನು ಎತ್ತೆತ್ತಲೋ ಚೆಲ್ಲುತ್ತದೆ. ಯಾರೂ ಉಷ್ಣವಿದ್ಯುತ್ತಿಗೆ ಲೆಕ್ಕಕ್ಕಿಟ್ಟುಕೊಳ್ಳದಿದ್ದ ಸಿಲಿಕಾನ್ ಕೋಣೆಯ ಉಷ್ಣತೆಯಲ್ಲಿ 0.6ರ ಝಡ್‌ಟಿ ಕೊಟ್ಟಿತು.

ಅದೇ ವರ್ಷ ಬೋಸ್ಟನ್ ಕಾಲೇಜ್ ಮತ್ತು ಎಂಐಟಿಯ ಗುಂಪು ಮಾಡಿದ ಕೆಲಸ ನೋಡಲು ಅಷ್ಟು ಬೆರಗಿನದಲ್ಲ, ಪರಿಣಾಮದಲ್ಲಿ ಮಾತ್ರ ದೊಡ್ಡದು. ಅವರು ಪದರ ಪೇರಿಸಲಿಲ್ಲ, ತಂತಿ ಎಳೆಯಲಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಬಿಸ್ಮತ್-ಆಂಟಿಮನಿ ಟೆಲ್ಯುರೈಡ್ ಗಟ್ಟಿಯನ್ನೇ ಗಾಳಿ ಸೋಕದಂತೆ ಮುಚ್ಚಿದ ಡಬ್ಬಿಗೆ ಗುಂಡುಗಳ ಜೊತೆ ಹಾಕಿ, ಗಂಟೆಗಟ್ಟಲೆ ಗರಗರ ತಿರುಗಿಸಿ, ಹತ್ತಾರು ನ್ಯಾನೋಮೀಟರ್ ಗಾತ್ರದ ಪುಡಿ ಮಾಡಿದರು. ಆ ಪುಡಿಯನ್ನು ಅಚ್ಚಿನಲ್ಲಿಟ್ಟು ಬಿಸಿಯಲ್ಲೇ ಒತ್ತಿ ಮತ್ತೆ ಗಟ್ಟಿ ಬಿಲ್ಲೆ ಮಾಡಿದರು. ಹೊಸ ಧಾತುವಿಲ್ಲ, ಹೊಸ ರಾಸಾಯನಿಕ ಸೂತ್ರವಿಲ್ಲ. ಕಣಗಳ ನಡುವಿನ ಗಡಿಗಳು ಹೆಚ್ಚಾದವು, ಅಷ್ಟೇ. ಝಡ್‌ಟಿ 100 ಡಿಗ್ರಿಯಲ್ಲಿ 1.4ಕ್ಕೆ ಏರಿತು, ಕೋಣೆಯ ಉಷ್ಣತೆಯಲ್ಲಿ 1.2. ಈ ವಿಧಾನ ಸಣ್ಣ ಕಾರ್ಖಾನೆಯಲ್ಲೂ ಮಾಡಬಹುದಾದದ್ದು, ಕಿಲೋ ಲೆಕ್ಕದಲ್ಲಿ ಮಾಡಬಹುದಾದದ್ದು. ಪ್ರಯೋಗಾಲಯದ ಚಿತ್ತಾರದಂತಿದ್ದ ನ್ಯಾನೋ ರಚನೆ ಬಳಕೆಯ ವಸ್ತುವಾಗುವ ದಾರಿ ತೆರೆದದ್ದು ಇದರಿಂದ.

ಇನ್ನೂ ಒಂದು ಕೊರತೆ ಉಳಿದಿತ್ತು. ಶಾಖ ಒಂದೇ ಗಾತ್ರದ ಫೋನಾನ್‌ಗಳಲ್ಲಿ ಬರುವುದಿಲ್ಲ ಎಂದ ಮೇಲೆ, ಒಂದೇ ಗಾತ್ರದ ಅಡ್ಡಿ ಎಲ್ಲವನ್ನೂ ತಡೆಯಲಾರದು. ಅಕ್ಕಿ, ನುಚ್ಚು, ಹಿಟ್ಟು ಬೆರೆತ ರಾಶಿಯನ್ನು ಒಂದೇ ಜರಡಿಯಲ್ಲಿ ಹಸನು ಮಾಡಲಾಗದಿದ್ದಂತೆಯೇ ಇದು. 2012ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮರ್ಕೂರಿ ಕನಾಟ್ಜಿಡಿಸ್ ಗುಂಪಿನಲ್ಲಿ ಕನಿಷ್ಕ ಬಿಸ್ವಾಸ್ ಮತ್ತು ಜೊತೆಗಾರರು ಮೂರು ಜರಡಿಗಳನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಿದರು. ಬಿಸ್ವಾಸ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ಬಳಿ ಪಿಎಚ್‌ಡಿ ಮಾಡಿ ಅಲ್ಲಿಗೆ ಹೋಗಿದ್ದವರು. ಲೆಡ್ ಟೆಲ್ಯುರೈಡ್‌ಗೆ ಸೋಡಿಯಂ ಬೆರೆಸಿದ್ದು ಪರಮಾಣು ಮಟ್ಟದ ಅಡ್ಡಿ. ಅದರೊಳಗೆ ಸ್ಟ್ರಾಂಷಿಯಂ ಟೆಲ್ಯುರೈಡ್‌ನ ಕೆಲವು ನ್ಯಾನೋಮೀಟರಿನ ಕಣಗಳು ಹೆಪ್ಪುಗಟ್ಟುವಂತೆ ಮಾಡಿದ್ದು ಎರಡನೆಯದು. ಇಡೀ ಗಟ್ಟಿಯನ್ನು ಪುಡಿಮಾಡಿ ಒತ್ತಿ, ಮೈಕ್ರೋಮೀಟರಿನ ಆಸುಪಾಸಿನ ಹರಳುಗಳ ನಡುವೆ ಗಡಿಗಳನ್ನು ಎಬ್ಬಿಸಿದ್ದು ಮೂರನೆಯದು. ಮೊದಲನೆಯ ಅಡ್ಡಿಯೊಂದರಿಂದ ಝಡ್‌ಟಿ 1.1ರಷ್ಟಿತ್ತು, ಎರಡು ಸೇರಿದಾಗ 1.7, ಮೂರೂ ಸೇರಿದಾಗ 915 ಕೆಲ್ವಿನ್‌ನಲ್ಲಿ 2.2.

ಈ ಪ್ರಯೋಗದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಕಣಗಳ ಆಯ್ಕೆ. ಸ್ಟ್ರಾಂಷಿಯಂ ಟೆಲ್ಯುರೈಡ್ ಮತ್ತು ಲೆಡ್ ಟೆಲ್ಯುರೈಡ್ ಎರಡರದೂ ಅಡುಗೆ ಉಪ್ಪಿನದೇ ಹರಳು ವಿನ್ಯಾಸ, ಪರಮಾಣುಗಳ ನಡುವಿನ ಅಂತರದಲ್ಲೂ ಶೇ 3ರಷ್ಟೇ ವ್ಯತ್ಯಾಸ. ಹಾಗಾಗಿ ಒಂದರೊಳಗೆ ಇನ್ನೊಂದು ಹುದುಗಿದಾಗ ಜಾಲಕದ ಸಾಲುಗಳು ಕಡಿಯುವುದಿಲ್ಲ, ಸ್ವಲ್ಪ ಬಿಗಿದುಕೊಳ್ಳುತ್ತವೆ. ಆ ಬಿಗಿತ ಮತ್ತು ಪರಮಾಣು ತೂಕದ ವ್ಯತ್ಯಾಸ ಕಂಪನವನ್ನು ಚದುರಿಸಲು ಸಾಕು. ಈ ವಸ್ತುವಿನಲ್ಲಿ ವಿದ್ಯುತ್ ಸಾಗಿಸುವ ಧನ ರಂಧ್ರಗಳ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳ) ಶಕ್ತಿಮಟ್ಟ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ, ಅವುಗಳಿಗೆ ಕಣದ ಗಡಿ ಮೆಟ್ಟಿಲಾಗಿ ಕಾಣುವುದಿಲ್ಲ. ಏನನ್ನಾದರೂ ಪುಡಿಮಾಡಿ ಬೆರೆಸಿದರೆ ಝಡ್‌ಟಿ ಏರುತ್ತದೆ ಎಂಬ ತಿಳಿವಳಿಕೆ ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಡ್ಡಿ ಹಾಕುವುದು ಸುಲಭ. ಒಬ್ಬರಿಗೆ ಅಡ್ಡಿಯಾಗಿ ಇನ್ನೊಬ್ಬರಿಗೆ ಬಯಲಾಗುವ ಗಡಿಯನ್ನು ಹುಡುಕುವುದೇ ಕಸುಬು.

ಬಿಸ್ವಾಸ್ ಈಗ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದಾರೆ. ಅಲ್ಲಿಂದ 2021ರಲ್ಲಿ, ಸೈದ್ಧಾಂತಿಕ ಲೆಕ್ಕಾಚಾರದಲ್ಲಿ ಉಮೇಶ್ ವಾಘ್ಮಾರೆ ಅವರ ಜೊತೆ ಸೇರಿ ಅವರ ಗುಂಪು ಪ್ರಕಟಿಸಿದ ಕೆಲಸ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿತು. ಬೆಳ್ಳಿ, ಆಂಟಿಮನಿ, ಟೆಲ್ಯುರಿಯಂ ಸೇರಿದ ಒಂದು ಹಳೆಯ ಸಂಯುಕ್ತ ಅವರ ವಸ್ತು. ಅದರಲ್ಲಿ ಬೆಳ್ಳಿ ಮತ್ತು ಆಂಟಿಮನಿ ಒಂದೇ ಬಗೆಯ ಸ್ಥಾನಗಳಲ್ಲಿ ಅಡ್ಡಾದಿಡ್ಡಿ ಕೂತಿರುತ್ತವೆ. ಈ ಗೊಂದಲ ಶಾಖವನ್ನು ತಡೆಯುತ್ತದೆ ನಿಜ, ವಿದ್ಯುತ್ತನ್ನೂ ತಡೆಯುತ್ತದೆ. ಆಂಟಿಮನಿಯ ಜಾಗಕ್ಕೆ ಶೇ 6ರಷ್ಟು ಕ್ಯಾಡ್ಮಿಯಂ ಸೇರಿಸಿದಾಗ ಬೆಳ್ಳಿ-ಆಂಟಿಮನಿ ಪರಮಾಣುಗಳು ಅಲ್ಲಲ್ಲಿ ಸಾಲುಗಟ್ಟಿ, 2ರಿಂದ 4 ನ್ಯಾನೋಮೀಟರಿನ ಶಿಸ್ತಿನ ತುಣುಕುಗಳಾದವು. ಪರಮಾಣು ಮಟ್ಟದ ಗೊಂದಲ ಕಡಿಮೆಯಾದದ್ದರಿಂದ ವಿದ್ಯುತ್ ವಾಹಕಗಳ ಹಾದಿ ಹಸನಾಯಿತು. ಆ ತುಣುಕುಗಳೇ ಫೋನಾನ್‌ಗಳಿಗೆ ಸರಿಯಾದ ಗಾತ್ರದ ಅಡ್ಡಿಯಾದವು. 573 ಕೆಲ್ವಿನ್‌ನಲ್ಲಿ, ಅಂದರೆ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಝಡ್‌ಟಿ 2.6 ತಲುಪಿತು. ಅಡ್ಡಿಯನ್ನು ಹೆಚ್ಚಿಸುವ ಬದಲು ತಪ್ಪು ಗಾತ್ರದ ಅಡ್ಡಿಯನ್ನು ತೆಗೆದು ಸರಿಯಾದ ಗಾತ್ರದ್ದನ್ನು ಇಟ್ಟಿದ್ದರಿಂದ ಬಂದ ಫಲ ಇದು. ಅರವತ್ತು ವರ್ಷ ಈ ಕ್ಷೇತ್ರ ನಂಬಿಕೊಂಡು ಬಂದ ಅವ್ಯವಸ್ಥೆಯ ದಾರಿಯನ್ನು ಇದು ಮರುಪರಿಶೀಲನೆಗೆ ಒಡ್ಡಿತು.

ಇಷ್ಟೆಲ್ಲ ಹೇಳಿದ ಮೇಲೆ, ಈ ದಾರಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನೂ ನೇರವಾಗಿ ನೋಡಬೇಕು. ಜಾಲಕ ಉಷ್ಣವಾಹಕತೆಗೆ ತಳವಿದೆ. ಫೋನಾನ್ ಸಾಗುವ ದೂರ ಪಕ್ಕದ ಪರಮಾಣುವಿನವರೆಗಿನ ಅಂತರಕ್ಕೆ ಇಳಿದ ಮೇಲೆ ಇನ್ನು ಕತ್ತರಿಸಲು ಏನೂ ಉಳಿಯುವುದಿಲ್ಲ, ವಸ್ತು ಶಾಖದ ಮಟ್ಟಿಗೆ ಗಾಜಿನಂತಾಗುತ್ತದೆ. ಒಳ್ಳೆಯ ನ್ಯಾನೋ ರಚನೆಯ ಲೆಡ್ ಟೆಲ್ಯುರೈಡ್‌ನ ಜಾಲಕ ಉಷ್ಣವಾಹಕತೆ ಬಿಸಿಯಲ್ಲಿ ಆಗಲೇ 0.5ರ ಹತ್ತಿರ ಬಂದಿದೆ, ತಳ ಅಲ್ಲಿಂದ ದೂರವಿಲ್ಲ. ಎಲೆಕ್ಟ್ರಾನ್‌ಗಳು ಹೊರುವ ಶಾಖದ ಪಾಲು ಹಾಗೇ ಇರುತ್ತದೆ, ಅದನ್ನು ಕಡಿದರೆ ವಿದ್ಯುತ್ತೂ ಹೋಗುತ್ತದೆ. ಹಾಗಾಗಿ ಶಾಖ ಇಳಿಸಿ ಝಡ್‌ಟಿ ಏರಿಸುವ ಆಟದಲ್ಲಿ ದೊಡ್ಡ ಗೆಲುವುಗಳು ಮುಗಿಯುತ್ತ ಬಂದಿವೆ ಎಂಬುದು ನನ್ನ ಅಭಿಪ್ರಾಯ. 2014ರಲ್ಲಿ ತವರದ ಸೆಲೆನೈಡ್‌ನ ಒಂಟಿ ಹರಳು, ಯಾವ ನ್ಯಾನೋ ರಚನೆಯೂ ಇಲ್ಲದೆ, 923 ಕೆಲ್ವಿನ್‌ನಲ್ಲಿ 2.6 ಕೊಟ್ಟಿತು. ಅಲ್ಲಿ ಪರಮಾಣು ಬಂಧಗಳೇ ಎಷ್ಟು ಮೆತ್ತಗಿವೆ ಎಂದರೆ ಕಂಪನಗಳು ತಮ್ಮತಮ್ಮಲ್ಲೇ ಡಿಕ್ಕಿ ಹೊಡೆದು ಚದುರುತ್ತವೆ. ಅದೇ ವಸ್ತುವನ್ನು ಪುಡಿಮಾಡಿ ಒತ್ತಿದಾಗ ಶಾಖ ಕಡಿಮೆ ಹರಿಯಬೇಕಿತ್ತು, ಬಹುಕಾಲ ಹೆಚ್ಚೇ ಹರಿಯಿತು. ಕಣಗಳ ಮೈಮೇಲೆ ಕಟ್ಟಿಕೊಂಡ ತವರದ ಆಕ್ಸೈಡ್‌ನ ತೆಳು ಪೊರೆ ಶಾಖಕ್ಕೆ ಸುಲಭದ ದಾರಿ ಮಾಡಿಕೊಟ್ಟಿತ್ತು. 2021ರಲ್ಲಿ ಆ ಪೊರೆಯನ್ನು ತೊಡೆದ ಪುಡಿಯಿಂದ 783 ಕೆಲ್ವಿನ್‌ನಲ್ಲಿ 3.1ರ ಅಂಕಿ ಬಂತು.

ಬಾಳಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರ. ನ್ಯಾನೋ ರಚನೆ ನೆಮ್ಮದಿಯಿಂದ ಇರುವ ಸ್ಥಿತಿಯಲ್ಲ. ಬಿಸಿಯಲ್ಲಿ ಸಣ್ಣ ಹರಳುಗಳು ಒಂದಕ್ಕೊಂದು ಸೇರಿ ದೊಡ್ಡವಾಗುತ್ತವೆ, ಹೆಪ್ಪುಗಟ್ಟಿದ ಕಣಗಳು ಮತ್ತೆ ಕರಗುತ್ತವೆ, ಟೆಲ್ಯುರಿಯಂ ನಿಧಾನವಾಗಿ ಆವಿಯಾಗುತ್ತದೆ. 2021ರಲ್ಲಿ ಮಂಗಳನ ಮೇಲಿಳಿದ ಪರ್ಸಿವಿಯರೆನ್ಸ್ ಕೂಡ ಕ್ಯೂರಿಯಾಸಿಟಿಯ ಕಾಲದ ವಿನ್ಯಾಸದ ಜನರೇಟರನ್ನೇ ಹೊತ್ತೊಯ್ದದ್ದು ಹೊಸ ವಸ್ತುಗಳು ಗೊತ್ತಿರಲಿಲ್ಲ ಎಂದಲ್ಲ. ರಿಪೇರಿ ಮಾಡಲಾಗದ ಜಾಗದಲ್ಲಿ ವರ್ಷಗಟ್ಟಲೆ ಬಾಳುತ್ತದೆ ಎಂದು ಪರೀಕ್ಷೆಯಿಂದ ಗೊತ್ತಾದ ವಸ್ತುವಿಗೇ ಅಲ್ಲಿ ಜಾಗ. ಮತ್ತೆ, ಪ್ರಕಟವಾಗುವ ದಾಖಲೆ ಒಂದೇ ಉಷ್ಣತೆಯದು. ಸಾಧನದ ಒಳಗಿನ ತುಂಡು ಒಂದು ತುದಿಯಲ್ಲಿ 300 ಡಿಗ್ರಿ, ಇನ್ನೊಂದು ತುದಿಯಲ್ಲಿ 30 ಡಿಗ್ರಿ ಇರುವಾಗ, ಲೆಕ್ಕಕ್ಕೆ ಬರುವುದು ಅಷ್ಟೂ ಉದ್ದಕ್ಕೆ ಸರಾಸರಿ. ಅದಕ್ಕೆ ಬೆಸೆದ ಲೋಹದ ತುದಿಗಳಲ್ಲಿ ಆಗುವ ನಷ್ಟ ಬೇರೆ.

ದೊಡ್ಡ ಉಷ್ಣಮೂಲಗಳ ವಿಷಯದಲ್ಲಿ ಆಸೆಗೆ ಕಡಿವಾಣ ಬೇಕು. ಈ ಕ್ಷೇತ್ರದಲ್ಲೇ ದುಡಿದ ಕ್ರೋನಿನ್ ವೈನಿಂಗ್ 2009ರಲ್ಲೇ ಇದನ್ನು ನೇರವಾಗಿ ಹೇಳಿದ್ದರು: ಕಿಲೋವ್ಯಾಟುಗಳ ಲೆಕ್ಕಕ್ಕೆ ಏರಿದಾಗ ಹಳೆಯ ಎಂಜಿನ್‌ಗಳನ್ನು ಉಷ್ಣವಿದ್ಯುತ್ ಸೋಲಿಸುವುದು ಕಷ್ಟ. ಸಿಮೆಂಟ್ ಗೂಡುಗಳ ಬಿಸಿ ಗಾಳಿಯಿಂದ ಉಗಿ ಎಬ್ಬಿಸಿ ಟರ್ಬೈನ್ ತಿರುಗಿಸುವ ವ್ಯವಸ್ಥೆ ನಮ್ಮ ದೇಶದಲ್ಲೂ ಇದೆ, ಅದರ ಜಾಗವನ್ನು ಟೆಲ್ಯುರೈಡ್ ಬಿಲ್ಲೆಗಳು ಹಿಡಿಯಲಾರವು. ಭೂಮಿಯ ಹೊರಪದರದಲ್ಲಿ ಟೆಲ್ಯುರಿಯಂ ಪ್ಲಾಟಿನಂನಷ್ಟೇ ಅಪರೂಪ, ಸಿಗುವುದು ಹೆಚ್ಚಾಗಿ ತಾಮ್ರ ಶುದ್ಧೀಕರಣದ ಉಪ ಉತ್ಪನ್ನವಾಗಿ. ಚಿಕ್ಕ ಜಾಗಗಳಲ್ಲಿ ಮಾತ್ರ ಈ ವಸ್ತುಗಳಿಗೆ ಎದುರಾಳಿ ಕಡಿಮೆ: ಆಪ್ಟಿಕಲ್ ಫೈಬರ್ ಸಂಪರ್ಕದ ಲೇಸರ್‌ಗಳನ್ನು ಒಂದೇ ಉಷ್ಣತೆಯಲ್ಲಿ ಹಿಡಿದಿಡುವ ಪೆಲ್ಟಿಯರ್ ಕೂಲರ್‌ಗಳು (ಇದೇ ವಸ್ತುಗಳಿಗೆ ವಿದ್ಯುತ್ ಹರಿಸಿದರೆ ಒಂದು ತುದಿ ತಣ್ಣಗಾಗುತ್ತದೆ), ಕಾರಿನೊಳಗಿಡುವ ಪುಟ್ಟ ಫ್ರಿಜ್‌ಗಳು, ತಂತಿ ಎಳೆಯಲಾಗದ ಕಡೆ ಬಿಸಿ ಪೈಪಿನ ಮೈಗೆ ಅಂಟಿಸಿದ ಸೆನ್ಸರ್‌ಗಳು.

ಟೆಲ್ಯುರಿಯಂ ಬೇಡದ ವಸ್ತುಗಳ ಹುಡುಕಾಟದಲ್ಲಿ ಈಗ ಮುಂದಿರುವುದು ಮೆಗ್ನೀಷಿಯಂ, ಆಂಟಿಮನಿ, ಬಿಸ್ಮತ್ ಸೇರಿದ ಸಂಯುಕ್ತಗಳು. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ, ಅದರಲ್ಲೂ ತಂಪು ಮಾಡುವ ಕೆಲಸದಲ್ಲಿ, ಬಿಸ್ಮತ್ ಟೆಲ್ಯುರೈಡ್‌ಗೆ ಸರಿಸಾಟಿಯಾಗಿ ನಿಲ್ಲಬಲ್ಲವು ಎಂದು 2019ರಲ್ಲಿ ತೋರಿಸಲಾಯಿತು. ಈ ಸಂಯುಕ್ತಗಳ ಜಾಲಕ ತಾನಾಗಿಯೇ ಶಾಖವನ್ನು ಕಡಿಮೆ ಸಾಗಿಸುತ್ತದೆ. ಹರಳುಗಳ ನಡುವಿನ ಗಡಿ ಇಲ್ಲಿ ಎಲೆಕ್ಟ್ರಾನ್‌ಗಳಿಗೇ ದೊಡ್ಡ ತಡೆ. ಪುಡಿ ನುಣುಪಾದಷ್ಟೂ ಶಾಖದಲ್ಲಿ ಉಳಿಸಿದ್ದಕ್ಕಿಂತ ವಿದ್ಯುತ್ತಿನಲ್ಲಿ ಕಳೆದುಕೊಳ್ಳುವುದೇ ಹೆಚ್ಚು. ಹಾಗಾಗಿ ಇದರಲ್ಲಿ ಕೆಲಸ ಮಾಡುವ ಗುಂಪುಗಳು ಬಿಲ್ಲೆಯನ್ನು ಹೆಚ್ಚಿನ ಉಷ್ಣತೆಯಲ್ಲಿ ಒತ್ತಿ, ಮೆಗ್ನೀಷಿಯಂ ಆವಿಯಲ್ಲಿ ಕಾಯಿಸಿ, ಹರಳುಗಳನ್ನು ಬೇಕೆಂದೇ ದೊಡ್ಡದಾಗಿ ಬೆಳೆಸುತ್ತಿವೆ.